ಎರೆ ಮಣ್ಣಿನಿಂದ ಫ್ಯೂಮ್ ಹುಡ್‌ವರೆಗೆ: ವಿಶ್ವವಿದ್ಯಾಲಯದಲ್ಲಿ ಹೊಸ ಲ್ಯಾಬ್ ಕಟ್ಟಡ ಕಟ್ಟಿಸುವವರಿಗೆ ಸಮಗ್ರ ಮಾರ್ಗದರ್ಶಿ

ಸಿಂಡಿಕೇಟ್ ಸಭೆ ಮುಗಿದ ವಾರದಲ್ಲೇ ಒಂದು ಆದೇಶ ಕೈಗೆ ಬರುತ್ತದೆ: ಹೊಸ ವಿಜ್ಞಾನ ಪ್ರಯೋಗಾಲಯದ ಕಟ್ಟಡ ಸಮಿತಿಗೆ ನೀವೇ ಸಂಚಾಲಕರು. ನೀವು ರಸಾಯನಶಾಸ್ತ್ರದವರೋ ಪ್ರಾಣಿಶಾಸ್ತ್ರದವರೋ ಆಗಿರುತ್ತೀರಿ. ಸಿಮೆಂಟು, ಕಬ್ಬಿಣ ನಿಮ್ಮ ವಿಷಯವಲ್ಲ. ಆದರೂ ಆ ಕೆಲಸಕ್ಕೆ ನೀವೇ ಸರಿ. ಕಂಬ, ತೊಲೆಗಳನ್ನು ಎಂಜಿನಿಯರ್ ನೋಡಿಕೊಳ್ಳುತ್ತಾರೆ. ಆ ಕೋಣೆಯಲ್ಲಿ ಏನು ಕುದಿಯುತ್ತದೆ, ಏನು ಸೋರುತ್ತದೆ, ಯಾವ ಹೊಗೆ ಏಳುತ್ತದೆ ಅನ್ನುವುದು ಮಾತ್ರ ನಿಮಗಷ್ಟೇ ಗೊತ್ತು.

ನಮ್ಮ ಭಾಗದಲ್ಲಿ ಈ ಕೆಲಸ ಈಗ ಹೆಚ್ಚಾಗಿದೆ. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ಅದೇ ವರ್ಷ ಗದಗಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, 2023ರಲ್ಲಿ ಹಾವೇರಿಗೂ ಒಂದು ವಿಶ್ವವಿದ್ಯಾಲಯ ಬಂದವು. ಇನ್ನು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯದಂಥ ಹಳೆಯ ಕ್ಯಾಂಪಸ್ಸುಗಳಲ್ಲಿ ಹಳೆಯ ಲ್ಯಾಬುಗಳ ಪಕ್ಕಕ್ಕೆ ಹೊಸದು ಸೇರಿಸುವ ಮಾತು ಯಾವಾಗಲೂ ಇದ್ದೇ ಇರುತ್ತದೆ. ಕೆಳಗಿನ ಹಂತಗಳನ್ನು ಆದಷ್ಟು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಕಟ್ಟಡ ಬೀಳುವುದಿಲ್ಲ, ಆದರೆ ಹೊಸ ಗೋಡೆಯನ್ನು ಡ್ರಿಲ್ ಹಿಡಿದು ಒಡೆಯುವ ಸದ್ದು ಉದ್ಘಾಟನೆಯಾದ ಮೇಲೂ ಕೇಳುತ್ತಿರುತ್ತದೆ.

ಹಂತ 1: ಒಂದು ಕೋಣೆಗೆ ಒಂದು ಹಾಳೆ

ನಕ್ಷೆ ಬರೆಸುವುದಕ್ಕೆ ಮೊದಲು ಪ್ರತಿ ಕೋಣೆಗೆ ಒಂದೊಂದು ಹಾಳೆ ತಯಾರಿಸಿ. ಎಷ್ಟು ವಿದ್ಯಾರ್ಥಿಗಳು ಒಂದೇ ಹೊತ್ತಿಗೆ ನಿಲ್ಲುತ್ತಾರೆ, ಯಾವ ಉಪಕರಣ ಬರುತ್ತದೆ, ಅದರ ಉದ್ದ, ಅಗಲ, ಎತ್ತರ, ತೂಕ, ಎಷ್ಟು ಕಿಲೋವ್ಯಾಟ್ ಕರೆಂಟ್, ಸಿಂಗಲ್ ಫೇಸೋ ಮೂರು ಫೇಸೋ, ನೀರು ಬೇಕೋ, ಚರಂಡಿ ಬೇಕೋ, ಯಾವ ಗ್ಯಾಸ್, ಎಷ್ಟು ಶಾಖ ಹೊರಬಿಡುತ್ತದೆ, ಅಲುಗಾಟ ತಡೆಯುತ್ತದೆಯೋ ಇಲ್ಲವೋ ಎಂದೆಲ್ಲ ಅದರಲ್ಲಿ ಇರಬೇಕು. ಕಂಪನಿಯವರ ಬಳಿ ಪ್ರತಿ ಯಂತ್ರಕ್ಕೂ ‘ಪ್ರೀ-ಇನ್‌ಸ್ಟಾಲೇಶನ್’ ಕಾಗದ ಇರುತ್ತದೆ. ಕೊಟೇಶನ್ ಕೇಳುವಾಗಲೇ ಅದನ್ನೂ ಕೇಳಿ ತರಿಸಿಕೊಳ್ಳಿ.

ಆ ಯಂತ್ರ ಒಳಗೆ ಹೋಗುವುದು ಹೇಗೆ ಅನ್ನುವುದನ್ನೂ ಹಾಳೆಯಲ್ಲಿ ಬರೆಯಬೇಕು. ಈ ಭಾಗದ ಒಂದು ಕಾಲೇಜಿನಲ್ಲಿ ದೊಡ್ಡ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಬಂದು ಬಾಗಿಲ ಮುಂದೆ ನಿಂತಿತು. ಬಾಗಿಲು ಒಂದು ಮೀಟರ್ ಇತ್ತು, ಯಂತ್ರ ಅದಕ್ಕಿಂತ ಅಗಲ. ಕೊನೆಗೆ ಕಿಟಕಿಯ ಚೌಕಟ್ಟು ಕಿತ್ತು ಒಳಗೆ ತಂದರು. ಲ್ಯಾಬ್ ಬಾಗಿಲಿಗೆ ಒಂದು ದೊಡ್ಡ ಪಡಕು, ಒಂದು ಚಿಕ್ಕ ಪಡಕು ಸೇರಿ ಒಂದೂವರೆ ಮೀಟರ್ ಇಡಿಸಿದರೆ ಈ ಪಜೀತಿ ಇರುವುದಿಲ್ಲ. ಲಿಫ್ಟಿನ ಬಾಗಿಲು, ಕಾರಿಡಾರಿನ ತಿರುವು ಇವಕ್ಕೂ ಇದೇ ಲೆಕ್ಕ.

ಹಾಳೆ ತುಂಬುವ ಹೊತ್ತಿಗೆ ಪ್ರತಿ ವಿಭಾಗವೂ ಪ್ರತಿಯೊಂದು ಯಂತ್ರವನ್ನೂ ಕೇಳುತ್ತದೆ. ಧಾರವಾಡದಲ್ಲಿದ್ದರೆ ಒಂದು ಮಾತು: ಕರ್ನಾಟಕ ವಿಶ್ವವಿದ್ಯಾಲಯದ ವೈಜ್ಞಾನಿಕ ಉಪಕರಣ ಕೇಂದ್ರವಾದ ಯುಎಸ್‌ಐಸಿಯಲ್ಲಿ ದುಬಾರಿ ವಿಶ್ಲೇಷಣಾ ಯಂತ್ರಗಳ ಹಂಚಿಕೆ ಕೇಂದ್ರವಿದೆ. ಹೊರಗಿನವರೂ ಶುಲ್ಕ ಕೊಟ್ಟು ಸ್ಯಾಂಪಲ್ ಮಾಡಿಸಬಹುದು. ತಿಂಗಳಿಗೆ ನಾಲ್ಕು ಸ್ಯಾಂಪಲ್ ಇರುವ ವಿಭಾಗಕ್ಕೆ ಸ್ವಂತ ಯಂತ್ರ, ಅದಕ್ಕೊಂದು ಎಸಿ ಕೋಣೆ, ಅದಕ್ಕೊಬ್ಬ ಆಪರೇಟರ್ ಬೇಕೇ ಎಂದು ಆ ಹಂತದಲ್ಲೇ ಕೇಳಿಬಿಡಿ. ಮುನಿಸು ಬರುತ್ತದೆ, ಬರಲಿ.

ಹಂತ 2: ದುಡ್ಡು, ಕಾಗದ

ಅಂದಾಜು ಪಟ್ಟಿ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಮೇಲೆ ನಿಂತಿರುತ್ತದೆ. ಆ ಪಟ್ಟಿಯಲ್ಲಿ ಇಟ್ಟಿಗೆ, ಕಾಂಕ್ರೀಟು, ಬಣ್ಣಕ್ಕೆ ದರ ಸಿಗುತ್ತದೆ. ಫ್ಯೂಮ್ ಹುಡ್ (ಪ್ರಯೋಗದ ಹೊಗೆಯನ್ನು ಎಳೆದು ಹೊರಗೆ ಬಿಡುವ ಕಪಾಟು), ಗ್ಯಾಸ್ ಲೈನು, ಆಮ್ಲಕ್ಕೆ ಜಗ್ಗದ ಬೇಸಿನ್ ಸಿಗುವುದಿಲ್ಲ. ಅವಕ್ಕೆ ಮೂರು ಕಡೆಯ ಕೊಟೇಶನ್ ತಂದು ಪ್ರತ್ಯೇಕ ದರ ವಿಶ್ಲೇಷಣೆ ಮಾಡಿಸಬೇಕು. ಇದನ್ನು ಬಿಟ್ಟು ಚದರಡಿ ಲೆಕ್ಕದಲ್ಲಿ ತರಗತಿ ಕೋಣೆಯ ದರ ಹಾಕಿ ಮಂಜೂರಾತಿ ಪಡೆದರೆ ಕಟ್ಟಡ ಏಳುತ್ತದೆ, ಒಳಗೆ ಲ್ಯಾಬ್ ಮಾಡಲು ಹಣ ಉಳಿಯುವುದಿಲ್ಲ. ಅನುದಾನಗಳ ಷರತ್ತು ಓದಿ: ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಎಸ್‌ಟಿ-ಫಿಸ್ಟ್‌ನಂಥ ಯೋಜನೆ ಮುಖ್ಯವಾಗಿ ಉಪಕರಣಕ್ಕೆ, ಗೋಡೆಗಲ್ಲ.

ಕಟ್ಟಡ ಸಮಿತಿ, ಹಣಕಾಸು ಸಮಿತಿ, ಸಿಂಡಿಕೇಟ್ ಈ ಮೂರರ ನಡಾವಳಿ ಪ್ರತಿಗಳನ್ನು ಒಂದೇ ಫೈಲಿನಲ್ಲಿಡಿ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕಾಗುತ್ತದೆ. ಇದರ ಜೊತೆಗೆ ಅಗ್ನಿಶಾಮಕದವರು, ಮಾಲಿನ್ಯ ನಿಯಂತ್ರಣ ಮಂಡಳಿ, ವಿದ್ಯುತ್ ಪರಿವೀಕ್ಷಣಾಲಯ ಇದ್ದಾರೆ. ಎಕ್ಸ್-ರೇ ಯಂತ್ರವಿದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ (ಎಇಆರ್‌ಬಿ) ಸೇರುತ್ತದೆ.

ಹಂತ 3: ಮಣ್ಣಿನ ಮಾತು ಕೇಳಿ

ಧಾರವಾಡದ ಪಶ್ಚಿಮಕ್ಕೆ ಹೋದರೆ ಮಸಾರಿ, ಗರಸು, ಕೆಳಗೆ ಕಲ್ಲು. ಹುಬ್ಬಳ್ಳಿ ದಾಟಿ ಪೂರ್ವಕ್ಕೆ ನವಲಗುಂದ, ಗದಗ, ರೋಣದ ಕಡೆ ಹೊರಟರೆ ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಈ ಏರಿಳಿತ ನೆಲದಿಂದ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರುತ್ತದೆ. ಸಾಮಾನ್ಯ ಪಾಯದ ಮೇಲೆ ಗೋಡೆ ಮೂಲೆಯಿಂದ ಮೂಲೆಗೆ ಸೀಳುವುದು ಇದರಿಂದಲೇ.

ಅಧಿಕೃತ ವರದಿಗೆ ಬೋರ್ ಹಾಕಿಸಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಅದಕ್ಕೂ ಮೊದಲು ಒಂದು ಅಂದಾಜಿಗೆ ನಿಮ್ಮ ಹಳೆಯ ಲ್ಯಾಬಿನಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಒಣಗಿಸಿದ ಮಣ್ಣನ್ನು 425 ಮೈಕ್ರಾನ್ ಜರಡಿ ಹಿಡಿಯಿರಿ. ಹತ್ತು ಗ್ರಾಂನ ಎರಡು ಪಾಲು ತೂಗಿ 100 ಮಿಲಿಯ ಎರಡು ಅಳತೆ ಜಾಡಿಗಳಿಗೆ ಹಾಕಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ. ಗಾಜಿನ ಕಡ್ಡಿಯಿಂದ ಕಲಕಿ ಗಾಳಿ ಗುಳ್ಳೆ ಹೊರಡಿಸಿ, ಒಂದು ದಿನ ಹಾಗೆಯೇ ಬಿಡಿ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಮಿಲಿ, ನೀರಿನಲ್ಲಿ 17 ಮಿಲಿ ಕೂತಿದ್ದರೆ ಉಬ್ಬರ ಶೇ 70. ಶೇ 50 ದಾಟಿತೆಂದರೆ ಆ ಮಣ್ಣನ್ನು ನಂಬುವ ಹಾಗಿಲ್ಲ. ಎಂಎಸ್ಸಿ ವಿದ್ಯಾರ್ಥಿಗಳಿಂದ ಮಾಡಿಸಿ, ಅವರಿಗೂ ಒಂದು ಪಾಠ.

ಇಂಥ ನೆಲಕ್ಕೆ ತುದಿಯಲ್ಲಿ ಗಡ್ಡೆಯಂತೆ ದಪ್ಪವಾಗುವ ಅಂಡರ್-ರೀಮ್ಡ್ ಪೈಲು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ, ಹಾಕುತ್ತಾರೆ. ಉಬ್ಬಿಳಿತದ ಪದರ ದಾಟಿ ಕೆಳಗೆ ಕೂತ ಆ ಗಡ್ಡೆ ಕಂಬ ಮೇಲೇಳದಂತೆ ಹಿಡಿಯುತ್ತದೆ. ಪೈಲಿನ ಮೇಲಿನ ತೊಲೆ ನೆಲಕ್ಕೆ ತಾಗದಂತೆ ಅಡಿಗೆ ಸ್ವಲ್ಪ ಖಾಲಿ ಬಿಡಬೇಕು. ಕೆಲಸಗಾರರು ಆ ಖಾಲಿಗೆ ಮಣ್ಣು ತುಂಬಿಬಿಡುತ್ತಾರೆ, ನಿಂತು ನೋಡಿ. ಕೋಣೆಯ ನೆಲದ ಕೆಳಗೂ ಎರೆ ತೆಗೆದು ಗರಸು ತುಂಬಿ ಕುಟ್ಟಿಸಬೇಕು. ಇಲ್ಲದಿದ್ದರೆ ಗೋಡೆ ಗಟ್ಟಿ ನಿಂತು, ನೆಲ ಮಾತ್ರ ಗುಬುಟು ಏಳುತ್ತದೆ.

ಹಂತ 4: ನಕ್ಷೆ

ಲ್ಯಾಬಿನ ಅಗಲವನ್ನು ಸುಮಾರು 3.2 ಮೀಟರಿನ ಗುಣಕದಲ್ಲಿ ಯೋಚಿಸಿ. ಒಂದು ಬದಿ ಬೆಂಚು, ನಡುವೆ ಒಂದೂವರೆ ಮೀಟರ್ ಓಡಾಟದ ಜಾಗ, ಮತ್ತೊಂದು ಬದಿ ಬೆಂಚು ಇಟ್ಟರೆ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ಕೆಲಸ ಮಾಡುವಾಗ ಮೂರನೆಯವರು ನಡುವೆ ದಾಟಬಹುದು. ನಿಂತು ಮಾಡುವ ಬೆಂಚಿಗೆ 90 ಸೆಂ.ಮೀ. ಎತ್ತರ, ಕೂತು ಮಾಡುವುದಕ್ಕೆ 75. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೆ ಪ್ರತಿ ಲ್ಯಾಬಿನಲ್ಲೂ ಕೆಳಗೆ ಖಾಲಿ ಇರುವ ಒಂದು ತಗ್ಗು ಬೆಂಚು ಇಡಿ. ಹೊರಗಿನ ರ‍್ಯಾಂಪ್ 1:12ಕ್ಕಿಂತ ಕಡಿದಾಗಿರಬಾರದು.

ಮಹಡಿಯಿಂದ ಮಹಡಿಗೆ 4.2 ಮೀಟರ್ ಕೇಳಿ. ಆರ್ಕಿಟೆಕ್ಟ್ 3.3ಕ್ಕೆ ಎಳೆಯುತ್ತಾರೆ, ತರಗತಿಗೆ ಅದು ಸಾಕು. ಲ್ಯಾಬಿನಲ್ಲಿ ತೊಲೆಯ ಕೆಳಗೆ ಗಾಳಿಯ ಡಕ್ಟು, ಅದರ ಕೆಳಗೆ ಪೈಪು, ಕೇಬಲ್ ಟ್ರೇ ಎಲ್ಲ ಹಾಯಬೇಕು. ನೆಟ್ಟಗೆ ಮೇಲಿಂದ ಕೆಳಗೆ ಇಳಿಯುವ ಡಕ್ಟಿನ ಗೂಡನ್ನು ಪ್ರತಿ ಎರಡು ಲ್ಯಾಬಿಗೆ ಒಂದರಂತೆ ಬಿಡಿಸಿ, ಅದರೊಳಗೆ ಮನುಷ್ಯ ಹೋಗಿ ರಿಪೇರಿ ಮಾಡುವಷ್ಟು ಜಾಗವಿರಲಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಎನ್‌ಎಂಆರ್ (ಬಲವಾದ ಅಯಸ್ಕಾಂತವಿರುವ ವಿಶ್ಲೇಷಣಾ ಯಂತ್ರ) ಇವೆರಡು ನೆಲಮಹಡಿಯಲ್ಲಿ, ಲಿಫ್ಟು, ಜನರೇಟರ್, ಟ್ರಾನ್ಸ್‌ಫಾರ್ಮರಿನಿಂದ ದೂರ ಇರಬೇಕು. ಎನ್‌ಎಂಆರ್ ಸುತ್ತ ಕಾಂತಕ್ಷೇತ್ರದ 5 ಗಾಸ್ ಗಡಿಯನ್ನು ಮೇಲಿನ ಮಹಡಿಗೂ ಸೇರಿಸಿ ಗುರುತಿಸಿ, ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಗಡಿ ದಾಟಬಾರದು. ಪಡುವಣ ಗೋಡೆಗೆ ಜೂನ್-ಜುಲೈಯ ಗಾಳಿಮಳೆ ಅಡ್ಡಡ್ಡ ಬಡಿಯುತ್ತದೆ. ಧಾರವಾಡದಲ್ಲಂತೂ ಆ ಕಡೆ ಅಗಲವಾದ ಛಜ್ಜಾ ಇಲ್ಲದ ಕಿಟಕಿ ಇಡಲೇಬೇಡಿ. ಆ ಬದಿಗೆ ಕಾರಿಡಾರ್ ಕೊಟ್ಟರೆ ಮಳೆಯೂ ತಡೆಯುತ್ತದೆ, ಮಧ್ಯಾಹ್ನದ ಬಿಸಿಲೂ ತಡೆಯುತ್ತದೆ.

ಹಂತ 5: ಗಾಳಿ

ನಮ್ಮ ಬಹಳಷ್ಟು ಲ್ಯಾಬುಗಳು ಸೋಲುವುದು ಇಲ್ಲಿ. ಫ್ಯೂಮ್ ಹುಡ್ ಅಂದರೆ ಗಾಜಿನ ಕಪಾಟು, ಮೇಲೊಂದು ಫ್ಯಾನು, ಅಷ್ಟೇ ಎಂದು ತಿಳಿದು ಕೊಳ್ಳುತ್ತಾರೆ. ಸಣ್ಣ ಲೆಕ್ಕ ಮಾಡೋಣ. ಹುಡ್ಡಿನ ಬಾಯಿ ಒಂದೂವರೆ ಮೀಟರ್ ಅಗಲ, ಗಾಜು ಅರ್ಧ ಮೀಟರ್ ಎತ್ತಿದೆ. ಹೊಗೆ ಹೊರಬರದಂತೆ ಹಿಡಿಯಲು ಆ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಅಂದರೆ ಗಂಟೆಗೆ 1,350 ಘನ ಮೀಟರ್. ಒಂದು ಲ್ಯಾಬಿನಲ್ಲಿ ಆರು ಹುಡ್ ಇದ್ದರೆ 8,100. ಹತ್ತು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲ, 3.3 ಮೀಟರ್ ಎತ್ತರದ ಕೋಣೆಯಲ್ಲಿ ಇರುವುದೇ ಸುಮಾರು 400 ಘನ ಮೀಟರ್ ಗಾಳಿ. ಕೋಣೆಯ ಗಾಳಿಯೆಲ್ಲ ಮೂರು ನಿಮಿಷಕ್ಕೊಮ್ಮೆ ಖಾಲಿ!

ಅಷ್ಟು ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಕಿಟಕಿ ಮುಚ್ಚಿ ಎಸಿ ಹಾಕಿ ಆರೂ ಹುಡ್ ಚಾಲೂ ಮಾಡಿದರೆ ಬಾಗಿಲು ಎಳೆದರೂ ಬರುವುದಿಲ್ಲ, ಹುಡ್ ಹೊಗೆ ಎಳೆಯುವುದೂ ಇಲ್ಲ. ಆದ್ದರಿಂದ ಹೊರಗಾಳಿಯನ್ನು ಶೋಧಿಸಿ ಒಳಬಿಡುವ ವ್ಯವಸ್ಥೆ ನಕ್ಷೆಯಲ್ಲೇ ಇರಲಿ. ಗದಗಿನ ಕಡೆ ಧೂಳು ಹೆಚ್ಚು, ಅಲ್ಲಿ ಜರಡಿ ಬದಲಿಸುವ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಕಟ್ಟುವಾಗ ನೋಡಬೇಕಾದವು: ಫ್ಯಾನು ಕೋಣೆಯಲ್ಲಲ್ಲ, ಛಾವಣಿಯ ಮೇಲಿರಬೇಕು. ಆಗ ಕಟ್ಟಡದೊಳಗಿನ ಡಕ್ಟೆಲ್ಲ ಎಳೆತದಲ್ಲಿರುತ್ತದೆ, ಎಲ್ಲೋ ಬಿರುಕಿದ್ದರೂ ಹೊಗೆ ಹೊರಗೆ ಸೋರುವುದಿಲ್ಲ. ಡಕ್ಟು ಪಾಲಿಪ್ರೊಪಿಲೀನಿನದೋ ಎಫ್‌ಆರ್‌ಪಿಯದೋ (ನಾರು ಸೇರಿಸಿದ ಪ್ಲಾಸ್ಟಿಕ್) ಇರಲಿ. ತಗಡಿನದು ಆಮ್ಲದ ಹಬೆಗೆ ತೂತು ಬೀಳುತ್ತದೆ. ಹೊಗೆಕೊಳವೆ ಛಾವಣಿಯಿಂದ ಕನಿಷ್ಠ ಮೂರು ಮೀಟರ್ ಎತ್ತರಕ್ಕೆ ಹೋಗಬೇಕು. ಅದರ ತುದಿಗೆ ಮಳೆ ಬಾರದಂತೆ ಟೊಪ್ಪಿಗೆ ಹಾಕಿಸುವ ಚಟ ಎಲ್ಲರಿಗೂ ಇದೆ. ಆ ಟೊಪ್ಪಿಗೆ ಹೊಗೆಯನ್ನು ತಿರುಗಿಸಿ ಛಾವಣಿಗೇ ಇಳಿಸುತ್ತದೆ. ಟೊಪ್ಪಿಗೆ ಬೇಡ, ಮಳೆನೀರು ಹೋಗಲು ಬುಡದಲ್ಲಿ ಸಣ್ಣ ರಂಧ್ರ ಸಾಕು.

ಇನ್ನು ಸೀಲಿಂಗ್ ಫ್ಯಾನ್. ಎಸಿ ಇಲ್ಲದ ಲ್ಯಾಬಿನಲ್ಲಿ ಅದು ಬೇಕೇ ಬೇಕು, ಆದರೆ ಹುಡ್ಡಿನ ಮುಂದೆಯೇ ತಿರುಗಿದರೆ ಹುಡ್ ಎಳೆದ ಹೊಗೆಯನ್ನು ಹೊರಗೆ ಎಳೆದು ಹಾಕುತ್ತದೆ. ಒಂದು ಊದಿನಕಡ್ಡಿ ಹಚ್ಚಿ ಹುಡ್ಡಿನ ಬಾಯ ಮುಂದೆ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಒಳಗೆ ಹೋಗಬೇಕು. ಫ್ಯಾನ್ ಹಾಕಿ ಮತ್ತೆ ಹಿಡಿಯಿರಿ, ಗುತ್ತಿಗೆದಾರರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಹುಡ್ಡುಗಳನ್ನು ಬಾಗಿಲಿನಿಂದ ದೂರದ ಗೋಡೆಗೆ ಇಡಿ. ಓಡಾಟದಿಂದಲೂ ಗಾಳಿ ಕದಡುತ್ತದೆ, ಅಲ್ಲದೆ ಬೆಂಕಿ ಹತ್ತುವುದು ಸಾಮಾನ್ಯವಾಗಿ ಹುಡ್ಡಿನಲ್ಲೇ, ಆಗ ಬಾಗಿಲು ಓಡಿಹೋಗಲು ಬೇಕು.

ಹಂತ 6: ನೀರು, ಚರಂಡಿ

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ನವಿಲುತೀರ್ಥದಿಂದ ಬರಬೇಕು. ನಳ ಯಾವಾಗ ಬರುತ್ತದೆ ಅನ್ನುವುದು ನಮ್ಮ ಊರಿನ ನಿತ್ಯದ ಮಾತು. ಮನೆಯಲ್ಲಾದರೆ ಕಾಯಬಹುದು. ಲ್ಯಾಬಿನಲ್ಲಿ ಮೈಮೇಲೆ ಆಮ್ಲ ಚೆಲ್ಲಿಕೊಂಡ ಹುಡುಗಿ ಕಾಯುವಂತಿಲ್ಲ.

ತುರ್ತು ಸ್ನಾನದ ಶವರಿನಿಂದ ನಿಮಿಷಕ್ಕೆ ಸುಮಾರು 76 ಲೀಟರಿನಂತೆ 15 ನಿಮಿಷ ನೀರು ಬರಬೇಕು ಎಂಬುದು ಒಪ್ಪಿತ ಮಾನದಂಡ. ಅಂದರೆ ಒಂದು ಸಲಕ್ಕೆ 1,140 ಲೀಟರ್. ಹಾಗಾಗಿ ಶವರಿಗೆ ಅಂತಲೇ 2,000 ಲೀಟರಿನ ಪ್ರತ್ಯೇಕ ಟ್ಯಾಂಕ್ ಇಡಿ, ಅದರಿಂದ ಬಾತ್‌ರೂಮಿಗೆ ಒಂದು ಪೈಪೂ ಹೋಗಬಾರದು. ಛಾವಣಿಯ ಟ್ಯಾಂಕಿನಿಂದ ಕೆಳಗಿನ ಮಹಡಿಗೆ ಇಷ್ಟೋ ಅಷ್ಟೋ ಒತ್ತಡ ಸಿಗುತ್ತದೆ, ಮೇಲಿನ ಮಹಡಿಗೆ ಸಿಗುವುದಿಲ್ಲ. ಪ್ರೆಶರ್ ಪಂಪು ಹಾಕಿ ಅದನ್ನು ಜನರೇಟರ್ ಲೈನಿಗೆ ಜೋಡಿಸಿ. ಟ್ಯಾಂಕಿಗೆ ನೆರಳು ಮಾಡಿಸಿ: ಏಪ್ರಿಲ್ ಮಧ್ಯಾಹ್ನದ ಕರಿ ಟ್ಯಾಂಕಿನ ನೀರು ಸುಟ್ಟ ಮೈಗೆ ಹಾಕುವಂಥದ್ದಲ್ಲ. ಯಾವ ಬೆಂಚಿನಿಂದಲೂ ಹತ್ತು ಸೆಕೆಂಡಿನೊಳಗೆ ಶವರು, ಕಣ್ಣು ತೊಳೆಯುವ ಬೇಸಿನ್ ತಲುಪುವಂತಿರಬೇಕು, ದಾರಿಯಲ್ಲಿ ಮುಚ್ಚಿದ ಬಾಗಿಲು ಇರಬಾರದು.

ಬೋರ್‌ವೆಲ್ ನೀರಿನ ಗಡಸುತನ ನೋಡಿ. ಗದಗ, ಮುಂಡರಗಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ತಕರಾರೂ ಇದೆ. ಇಂಥ ನೀರು ನೇರ ಡಿಸ್ಟಿಲೇಶನ್ ಯಂತ್ರಕ್ಕೆ ಹೋದರೆ ಒಳಗೆಲ್ಲ ಬಿಳಿ ಪಾಚಿಯಂತೆ ಲವಣ ಕಟ್ಟುತ್ತದೆ. ಮೊದಲು ಸಾಫ್ಟನರ್, ಆಮೇಲೆ ಆರ್‌ಒ. ಆರ್‌ಒ ಹೊರಹಾಕಿದ ನೀರನ್ನು ಫ್ಲಶ್ಶಿಗೆ ತಿರುಗಿಸಿ. ಛಾವಣಿ 1,000 ಚದರ ಮೀಟರ್ ಇದ್ದು ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೂ 6 ಲಕ್ಷ ಲೀಟರ್ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಒಂದೈದನೆಯ ಪಾಲು ಹೋದರೂ ಮಳೆಕೊಯ್ಲು ಇಲ್ಲಿ ಶೋಕಿಯಲ್ಲ.

ಲ್ಯಾಬಿನ ಚರಂಡಿ ಶೌಚಾಲಯದ ಲೈನಿಗೆ ಸೇರಬಾರದು. ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಪೈಪಿನಲ್ಲಿ ಹೊರಗೆ ತಂದು ಸುಣ್ಣಕಲ್ಲಿನ ಖಡಿ ತುಂಬಿದ ತಟಸ್ಥೀಕರಣ ತೊಟ್ಟಿಗೆ ಬಿಡಿ. ಹೊರಹೋಗುವ ನೀರಿನ ಪಿಎಚ್ 5.5ರಿಂದ 9ರೊಳಗೆ ಇರಬೇಕು. ಖಡಿ ಕರಗುತ್ತ ಹೋಗುತ್ತದೆ, ಮತ್ತೆ ತುಂಬಬೇಕು. ತೊಟ್ಟಿಯ ಮುಚ್ಚಳ ಒಬ್ಬರಿಂದ ಎತ್ತಲಾಗುವಂತಿರಲಿ, ಇಲ್ಲದಿದ್ದರೆ ಅದನ್ನು ಯಾರೂ ಎತ್ತುವುದಿಲ್ಲ.

ಹಂತ 7: ಬೆಂಚಿನ ಕಲ್ಲು

ಉತ್ತರ ಕರ್ನಾಟಕದ ಹಳೆಯ ಕಟ್ಟಡಗಳಲ್ಲೆಲ್ಲ ಶಹಾಬಾದಿ ಫರಸಿ, ಕಪಾಟಿಗೆ ಕಡಪ ಕಲ್ಲು. ತಂಪು, ಅಗ್ಗ, ಗಟ್ಟಿ. ಆದರೆ ಎರಡೂ ಸುಣ್ಣಕಲ್ಲೇ. ಲ್ಯಾಬಿನಲ್ಲಿ ಆಮ್ಲದ ಹನಿ ಬಿದ್ದಲ್ಲೆಲ್ಲ ಬುರುಗು ಎದ್ದು ಕುಳಿ ಬೀಳುತ್ತದೆ. ಗುತ್ತಿಗೆದಾರರು ತಂದ ಯಾವುದೇ ಕಲ್ಲಿನ ತುಂಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಗುಳ್ಳೆ ಎದ್ದರೆ ವಾಪಸು ಕಳಿಸಿ. ಕಪ್ಪು ಗ್ರಾನೈಟ್ ತಡೆಯುತ್ತದೆ, ಹೈಡ್ರೋಫ್ಲೋರಿಕ್ ಆಮ್ಲ ಒಂದನ್ನು ಬಿಟ್ಟು. ಗ್ರಾನೈಟಿನ ಕೀಲುಗಳಿಗೆ ಬಿಳಿ ಸಿಮೆಂಟ್ ಬೇಡ, ಎಪಾಕ್ಸಿ ತುಂಬಿಸಿ. ವಾಪಸು ಹೋದ ಕಡಪದ ಚೂರುಗಳು ಮೇಲೆ ಹೇಳಿದ ತೊಟ್ಟಿಗೆ ಬೇಕಾದರೆ ಬರುತ್ತವೆ!

ಹಂತ 8: ಕರೆಂಟ್

ಕೋಣೆಯ ಹಾಳೆಗಳನ್ನು ಕೂಡಿಸಿ ಲೋಡ್ ಲೆಕ್ಕ ಹಾಕಿ ಹೆಸ್ಕಾಂಗೆ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸಂಪರ್ಕದ ಅರ್ಜಿಯನ್ನು ಪಾಯ ತೋಡುವಾಗಲೇ ಕೊಡಿ. ಕಟ್ಟಡ ಮುಗಿದ ಮೇಲೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕತ್ತಲೆಯಲ್ಲಿ ಕೂತ ಲ್ಯಾಬುಗಳಿವೆ. ಬೆಂಚಿನ ಪ್ಲಗ್ಗುಗಳಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕಡ್ಡಾಯ. ಸೂಕ್ಷ್ಮ ಯಂತ್ರಗಳಿಗೆ ಬೇರೆ ಅರ್ಥಿಂಗ್, 1 ಓಮ್‌ಗಿಂತ ಕಡಿಮೆ. ಅದನ್ನು ಮಳೆಗಾಲದಲ್ಲಿ ಅಳೆದು ಸರಿ ಎನ್ನಬೇಡಿ. ಧಾರವಾಡದ ಗರಸು ನೆಲ ಮೇ ತಿಂಗಳಲ್ಲಿ ಒಣಗಿದಾಗ ಅಳೆಯಿರಿ. ಫ್ರೀಜರು, ಇನ್‌ಕ್ಯುಬೇಟರುಗಳ ಲೈನ್ ಮುಖ್ಯ ಸ್ವಿಚ್ಚಿನಿಂದ ಬೇರೆ ಇರಲಿ. ಸಂಜೆ ಸಿಪಾಯಿ ಎಲ್ಲ ಆಫ್ ಮಾಡಿ ಹೋದರೂ ಅವು ನಡೆಯುತ್ತಿರಬೇಕು.

ಹಂತ 9: ಸಿಲಿಂಡರು, ದ್ರಾವಕ, ತ್ಯಾಜ್ಯ

ಸಿಲಿಂಡರು ಹೊರಗಿನ ಜಾಲರಿ ಕೋಣೆಯಲ್ಲಿ, ಗೋಡೆಗೆ ಸರಪಳಿ ಕಟ್ಟಿ. ಆಮ್ಲಜನಕ ಒಂದು ಕಡೆ, ಹೈಡ್ರೋಜನ್ ಇನ್ನೊಂದು ಕಡೆ. ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 700 ಪಟ್ಟು ಹಿಗ್ಗಿ ಮುಚ್ಚಿದ ಕೋಣೆಯ ಆಮ್ಲಜನಕವನ್ನು ಹೊರತಳ್ಳುತ್ತದೆ. ಅಲ್ಲಿ ಆಮ್ಲಜನಕದ ಅಲಾರಂ ಬೇಕು, ದ್ರವ ನೈಟ್ರೋಜನ್ ತುಂಬಿದ ಡ್ಯೂವರ್ ಪಾತ್ರೆಯ ಜೊತೆ ಮನುಷ್ಯ ಲಿಫ್ಟಿನಲ್ಲಿ ಹೋಗಬಾರದು. ಅಪಾಯಕಾರಿ ತ್ಯಾಜ್ಯವನ್ನು 2016ರ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅದಕ್ಕೆ ಪಕ್ಕದಲ್ಲಿ ಲಾರಿ ಬಂದು ನಿಲ್ಲುವಂಥ ಕೋಣೆ ಬೇಕು.

ಹಂತ 10: ಟೆಂಡರ್

ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆ) ಅನ್ವಯಿಸುತ್ತದೆ, ಟೆಂಡರ್ ರಾಜ್ಯದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲಿನಲ್ಲಿ. ತಾಂತ್ರಿಕ ಲಕೋಟೆ, ಆರ್ಥಿಕ ಲಕೋಟೆ ಎರಡೂ ಬೇರೆ ಬೇರೆ ಕೇಳಿ. ತಾಂತ್ರಿಕದಲ್ಲಿ ‘ಲ್ಯಾಬ್ ಕಟ್ಟಿದ ಅನುಭವ’ ಎಂದಷ್ಟೇ ಬರೆಯದೆ ಗಾಳಿ ವ್ಯವಸ್ಥೆ, ಲ್ಯಾಬ್ ಪೀಠೋಪಕರಣ ಮಾಡಿದ ಅನುಭವವನ್ನು ಹೆಸರಿಸಿ. ಸಿವಿಲ್ ಕೆಲಸ ಒಬ್ಬರಿಗೆ, ಲ್ಯಾಬ್ ಒಳಕೆಲಸ ಇನ್ನೊಬ್ಬರಿಗೆ ಹೋದರೆ ಸ್ಲ್ಯಾಬಿನಲ್ಲಿ ಎಲ್ಲಿ ತೂತು ಬಿಡಬೇಕು ಅನ್ನುವುದು ಇಬ್ಬರ ನಡುವೆ ಬಿದ್ದು ಹೋಗುತ್ತದೆ. ಒಳಕೆಲಸದವರ ಆಯ್ಕೆ ಮೊದಲ ಸ್ಲ್ಯಾಬಿಗೆ ಮುಂಚೆ ಆಗಿಬಿಡಲಿ.

ಹಂತ 11: ಕಟ್ಟುವಾಗ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಅದಾದ ಮೇಲೂ ಕ್ಯೂಬ್ ಪರೀಕ್ಷೆಯನ್ನು (ಕಾಂಕ್ರೀಟಿನ ಘನಾಕಾರದ ತುಂಡನ್ನು ಒತ್ತಿ ಬಲ ನೋಡುವುದು) ಬರೀ ರಿಜಿಸ್ಟರಿನಲ್ಲಿ ನಡೆಸುವ ಸೈಟುಗಳಿದ್ದರೆ ಅವರಿಗೆ ಏನು ಹೇಳುವುದು? ಕಾಂಕ್ರೀಟ್ 5 ಘನ ಮೀಟರಿನವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು. ಸ್ಯಾಂಪಲಿಗೆ ಮೂರು ಕ್ಯೂಬ್, 28 ದಿನದ ಬಲ. ಕ್ಯೂಬಿನ ಮೇಲೆ ತಾರೀಖು, ಸ್ಥಳ ನೀವೇ ಗೀಚಿ. ವಿಶ್ವವಿದ್ಯಾಲಯದವರು ಅಷ್ಟು ಮಾಡಿದರೂ ಸೈಟಿನ ಗಂಭೀರತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಹತ್ತು ದಿನವಾದರೂ ನೀರುಣಿಸಬೇಕು, ಟ್ಯಾಂಕರ್ ನೀರಿನ ದುಡ್ಡು ಯಾರದು ಎಂಬ ಜಗಳವನ್ನು ಟೆಂಡರಿನಲ್ಲೇ ಮುಗಿಸಿಕೊಳ್ಳಿ.

ಸ್ಲ್ಯಾಬ್ ಹಾಕುವ ಮುಂಚಿನ ದಿನ ಗೌಂಡಿ ಕೇಳುತ್ತಾನೆ: “ಸರ್, ಈ ಡಕ್ಟಿಗೆ ಜಾಗಾ ಎಲ್ಲಿ ಬಿಡೂಣ್ರಿ?” ಆಗ “ಆಮ್ಯಾಲೆ ನೋಡೂಣು” ಎಂಬ ಉತ್ತರ ಯಾರ ಬಾಯಿಂದಲೂ ಬರಬಾರದು. ಹುಡ್, ಪೈಪು, ಕೇಬಲಿನ ಎಲ್ಲ ತೂತುಗಳ ಒಂದು ನಕ್ಷೆಯನ್ನು ಸೆಂಟರಿಂಗ್ ಹಲಗೆಯ ಮೇಲೇ ಸುಣ್ಣದಲ್ಲಿ ಗುರುತಿಸಿ, ಫೋಟೋ ತೆಗೆದುಕೊಂಡು ಆಮೇಲೆ ಕಾಂಕ್ರೀಟಿಗೆ ಬಿಡಿ. ಗಿಲಾವ್ ಮಾಡುವ ಮುಂಚೆ ಗೋಡೆಯೊಳಗಿನ ಪೈಪುಗಳ ಫೋಟೋ, ಅಳತೆ ಸಮೇತ. ಮುಂದೆ ಮೊಳೆ ಹೊಡೆಯುವವರಿಗೆ ಅದೇ ಆಧಾರ.

ಹಂತ 12: ಒಪ್ಪಿಸಿಕೊಳ್ಳುವುದು

ಉದ್ಘಾಟನೆಯ ತಾರೀಖು ನಿಮ್ಮ ಕೈಯಲ್ಲಿರುವುದಿಲ್ಲ, ಕೊನೆಯ ಬಿಲ್ಲಿನ ಸಹಿ ಇರುತ್ತದೆ. ಸಹಿಗೆ ಮುಂಚೆ: ಪ್ರತಿ ಹುಡ್ಡಿನ ಬಾಯಲ್ಲಿ ಗಾಳಿಯ ವೇಗ ಎನಿಮೊಮೀಟರಿನಿಂದ ಅಳೆದ ಪಟ್ಟಿ, ಅದೂ ಎಲ್ಲ ಹುಡ್ ಒಟ್ಟಿಗೆ ನಡೆಯುವಾಗ. ಶವರಿನ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷದ ನೀರಿನ ಅಳತೆ. ಗ್ಯಾಸ್ ಲೈನ್ ಸೋರಿಕೆ ಪರೀಕ್ಷೆ. ಕರೆಂಟ್ ತೆಗೆದಾಗ ಜನರೇಟರ್ ಎಷ್ಟು ಸೆಕೆಂಡಿಗೆ ಹಿಡಿಯಿತು. ಕಟ್ಟಿದ್ದು ಹೇಗೋ ಹಾಗೇ ಬರೆದ ನಕ್ಷೆಯ ಪ್ರತಿ ವಿಭಾಗದಲ್ಲೊಂದು, ಎಂಜಿನಿಯರ್ ಕಚೇರಿಯಲ್ಲೊಂದು.

ದೋಷ ಹೊಣೆಗಾರಿಕೆಯ ಅವಧಿ ಎರಡು ಮಳೆಗಾಲ ದಾಟುವಂತೆ ಕರಾರಿನಲ್ಲಿ ಬರೆಸಿಕೊಂಡಿದ್ದರೆ ಒಳ್ಳೆಯದು. ಮೊದಲ ಮಳೆಗೆ ಎರೆ ಮಣ್ಣು ಒಂದಿಷ್ಟು ಆಡುತ್ತದೆ, ಪಡುವಣ ಗೋಡೆ ಎರಡನೆಯ ಮಳೆಗೆ ನೆನೆಯಲು ಶುರು ಮಾಡುತ್ತದೆ. ಎರಡನೆಯ ಆಗಸ್ಟಿನಲ್ಲಿ ಎಂಜಿನಿಯರ್, ಗುತ್ತಿಗೆದಾರ ಇಬ್ಬರನ್ನೂ ಕರೆದು ಛಾವಣಿಯಿಂದ ನೆಲದವರೆಗೆ ಒಂದು ಸುತ್ತು ಹಾಕಿ, ಸೋರಿದ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂವರೂ ಸಹಿ ಮಾಡಿ. ಗುತ್ತಿಗೆದಾರರ ಠೇವಣಿ ಬಿಡುಗಡೆ ಅದರ ಮೇಲೆ.